ಇನ್ನೊಮ್ಮೆ ಹೇಳಿ ಸರ್

2014ರ ಜುಲೈ ತಿಂಗಳ ಒಂದು ಸಂಜೆ. ಹೊರಗೆ ಮಳೆ ಸುರಿಯುತ್ತಿತ್ತು. ಕುರ್ಲಾ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆಯಲ್ಲಿದ್ದ ರಾತ್ರಿ ಕಾಲೇಜೊಂದರಲ್ಲಿ ನಾನು ಆಗ ವಾಣಿಜ್ಯ ವಿಭಾಗದ ಮೇಷ್ಟ್ರು. ಆರೂವರೆಗೆ ಮೊದಲ ಬೆಲ್ಲು, ಒಂಬತ್ತೂವರೆಗೆ ಕೊನೆಯದು. ಹುಡುಗರು ಒದ್ದೆ ಛತ್ರಿ ಬಾಗಿಲ ಮೂಲೆಗೆ ಒರಗಿಸಿ ಒಳಗೆ ಬರುತ್ತಿದ್ದರು. ಒಬ್ಬ ಕೊರಿಯರ್ ಕೆಲಸದವ, ಒಬ್ಬ ಔಷಧಿ ಅಂಗಡಿಯವ, ಇಬ್ಬರು ಚೆಂಬೂರಿನ ಉಡುಪಿ ಹೋಟೆಲಿನ ಸಪ್ಲೈಯರ್‌ಗಳು. ದಿನವಿಡೀ ದುಡಿದು ಬಂದವರಿಗೆ ಪಾಠ ಹೇಳುವುದು ಎಂದರೆ ಮೊದಲು ಅವರ ನಿದ್ದೆಯ ಜೊತೆ ಮಾತಾಡುವುದು.

ಅದು ನನಗೆ ಹೊಸದಲ್ಲ. ನಾನೂ ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಬೆಳಿಗ್ಗೆ ಹೋಟೆಲಿನಲ್ಲಿ ಟೇಬಲು ಒರೆಸಿ, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗೆ ಓಡಿದವನು. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಈ ಶಾಲೆಗಳದ್ದು ದೊಡ್ಡ ಅಧ್ಯಾಯ. 1902ರಲ್ಲೇ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿಶಾಲೆ ನಡೆಸಿ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರನನ್ನು ತಯಾರು ಮಾಡಿದವು. ದುಡಿಯುವವನ ಹೊತ್ತಿಗೆ ಶಾಲೆಯೇ ಹೊಂದಿಕೊಳ್ಳಬೇಕು ಎಂಬುದನ್ನು ಅವರು ನಮಗಿಂತ ಮೊದಲೇ ಅರಿತಿದ್ದರು.

ಆದರೆ ಆ ದಿನಗಳ ಒಂದು ಮುಳ್ಳು ನನ್ನೊಳಗೆ ಉಳಿದಿತ್ತು. ಲೆಕ್ಕಶಾಸ್ತ್ರದ ತರಗತಿಯಲ್ಲಿ ಸವಕಳಿಯ ಪಾಠ. ಮೇಷ್ಟ್ರು ಚೆನ್ನಾಗಿಯೇ ಹೇಳಿದರು. ನನ್ನ ಕಣ್ಣು ಒಂದೈದು ನಿಮಿಷ ಮುಚ್ಚಿಹೋಯಿತು. ಎಚ್ಚರಾದಾಗ ಬೋರ್ಡು ತುಂಬಿತ್ತು. ‘ಇನ್ನೊಮ್ಮೆ ಹೇಳಿ ಸರ್’ ಎಂಬ ಮೂರು ಮಾತು ಗಂಟಲವರೆಗೆ ಬಂದು ನಿಂತಿತು. ಕೇಳಲು ನಾಚಿಕೆ. ಆ ವರ್ಷವಿಡೀ ಸವಕಳಿಯನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿದೆ.

2014ರ ಬೇಸಿಗೆಯಲ್ಲಿ ಪ್ರಾಂಶುಪಾಲರು ಕರೆದು, ‘ಪದವಿ ಹುಡುಗರಿಗೆ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಕಲಿಸುವ ಒಂದು ಕೋರ್ಸ್ ಶುರು ಮಾಡಿ’ ಎಂದರು. ಇದ್ದದ್ದು ಇಪ್ಪತ್ತು ಹಳೆಯ ಕಂಪ್ಯೂಟರು, ಮೂವತ್ತೆಂಟು ಹುಡುಗರು. ದುಬಾರಿ ತಂತ್ರಾಂಶ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಆಗ ನೆನಪಾದದ್ದು ಪವೈಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಅಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ಹಣದಿಂದ ನಡೆಯುತ್ತಿದ್ದ ಯೋಜನೆ. ಕಂಪ್ಯೂಟರಿನ ಪರದೆಯ ಮೇಲೆ ಆಗುವುದನ್ನೆಲ್ಲ ಹಾಗೇ ಸೆರೆಹಿಡಿದು, ಅದಕ್ಕೊಂದು ದನಿ ಸೇರಿಸಿದ ಹತ್ತು ನಿಮಿಷದ ಆಸುಪಾಸಿನ ಪಾಠಗಳು. ಕಲಿಯುವವನು ಕಾಸು ಕೊಡಬೇಕಿಲ್ಲ; ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ. ಪರದೆ ಇಂಗ್ಲಿಷಿನಲ್ಲೇ ಇರುತ್ತದೆ, ಏಕೆಂದರೆ ನಾಳೆ ಕಚೇರಿಯಲ್ಲಿ ಸಿಗುವುದು ಅದೇ. ದನಿ ಮಾತ್ರ ಹಿಂದಿ, ಮರಾಠಿ, ಕನ್ನಡ, ತಮಿಳು, ಹೀಗೆ ನಮ್ಮ ನಮ್ಮ ಭಾಷೆಯಲ್ಲಿ. ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್ ಕ್ಯಾಲ್ಕ್‌ನ ಪಾಠಗಳನ್ನು ನಾವು ಆರಿಸಿಕೊಂಡೆವು.

ಮೊದಲ ವಾರ ನಾನು ತಪ್ಪು ಮಾಡಿದೆ. ಪ್ರೊಜೆಕ್ಟರಿನಲ್ಲಿ ದೊಡ್ಡದಾಗಿ ಹಾಕಿ, ಎಲ್ಲರಿಗೂ ಒಟ್ಟಿಗೆ ತೋರಿಸಿದೆ. ಕತ್ತಲೆ ಕೋಣೆ, ಫ್ಯಾನಿನ ಗಾಳಿ. ಅರ್ಧ ತರಗತಿ ನಿದ್ದೆಗೆ ಜಾರಿತು. ಈ ಪಾಠಗಳ ಜೀವ ಇರುವುದೇ ಬೇರೆ ಕಡೆ: ಪರದೆಯ ಒಂದು ಬದಿಗೆ ಪಾಠ, ಇನ್ನೊಂದು ಬದಿಗೆ ತಂತ್ರಾಂಶ. ಸ್ವಲ್ಪ ಕೇಳು, ನಿಲ್ಲಿಸು, ನೀನೇ ಮಾಡು, ತಪ್ಪಿದರೆ ಹಿಂದಕ್ಕೆ ಹೋಗು. ಹಾಗೆ ಕಲಿಯಲು ಒಬ್ಬನಿಗೆ ಒಂದು ಕಂಪ್ಯೂಟರು, ಒಂದು ಹೆಡ್‌ಫೋನು ಬೇಕೇ ಬೇಕು. ಹುಡುಗರನ್ನು ಎರಡು ತಂಡ ಮಾಡಿದೆವು. ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಇಪ್ಪತ್ತು ಹೆಡ್‌ಫೋನು ತಂದೆ.

ಆ ಮಳೆಯ ಸಂಜೆ ಕೋಣೆಯಲ್ಲಿ ಒಂದು ವಿಚಿತ್ರ ಮೌನ. ಸಾಲುಗಳ ನಡುವೆ ನಡೆಯುತ್ತಾ ಕೊನೆಯ ಬೆಂಚಿಗೆ ಬಂದೆ. ಅಲ್ಲಿ ಕೂತವನು ವಿಜಯಪುರ ಜಿಲ್ಲೆಯ ಹುಡುಗ. ಚೆಂಬೂರಿನ ಹೋಟೆಲಿನಲ್ಲಿ ಬೆಳಿಗ್ಗೆ ಐದರಿಂದ ಕೆಲಸ. ತರಗತಿಯಲ್ಲಿ ಅವನು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಹೆಡ್‌ಫೋನಿನ ವಯರು ಸಡಿಲವಾಗಿ ಸ್ಪೀಕರಿನಿಂದ ಸಣ್ಣಗೆ ದನಿ ಹೊರಗೆ ಬರುತ್ತಿತ್ತು. ಹೆಣ್ಣುದನಿ. ಕನ್ನಡ! ಹಿಂದಿ, ಮರಾಠಿ, ಇಂಗ್ಲಿಷು ತುಂಬಿದ ಆ ಕಟ್ಟಡದಲ್ಲಿ ಕಾಲೇಜಿನ ಪಾಠವೊಂದು ಕನ್ನಡದಲ್ಲಿ ಕೇಳಿದ್ದು ಅದೇ ಮೊದಲು. ಅವನು ಒಂದೇ ತುಣುಕನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದು ಕೇಳುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

‘ಎಷ್ಟು ಸಲ ಕೇಳಿದಿ?’ ಎಂದೆ.

‘ಏಳನೇ ಸಲ ರೀ ಸರ್. ಇವ್ರು ಎಷ್ಟು ಸಲ ಕೇಳಿದ್ರೂ ಸಿಟ್ಟಾಗಂಗಿಲ್ರಿ.’

ನಾನು ಅಲ್ಲೇ ನಿಂತುಬಿಟ್ಟೆ. ನಲವತ್ತು ವರ್ಷದ ಹಿಂದೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡ ಮೂರು ಮಾತನ್ನು ಈ ಹುಡುಗ ಒಂದು ಸಂಜೆಯಲ್ಲಿ ಏಳು ಸಲ ಕೇಳಿದ್ದ, ಯಾರ ಮುಂದೆಯೂ ತಲೆ ತಗ್ಗಿಸದೆ.

ಅವನ ಅಪ್ಪ ಚಿಕ್ಕಂದಿನಲ್ಲಿ ಊರ ಶಾಲೆಯ ಮುಂದೆ ಟಿವಿ ನೋಡಿದ್ದ ಕತೆಯನ್ನು ಅವನು ಆಮೇಲೆ ಹೇಳಿದ. ಅದು 1975-76ರ ಉಪಗ್ರಹ ಶಿಕ್ಷಣ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾರ್ಯಕ್ರಮ ಹೋಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಆಕಾಶದಿಂದ ಪಾಠ ಇಳಿದದ್ದು ದೊಡ್ಡ ಸಾಹಸವೇ. ಆದರೆ ಅಪ್ಪ ಆ ಟಿವಿಯನ್ನು ನಿಲ್ಲಿಸುವಂತಿರಲಿಲ್ಲ. ಮಗನ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು. ಎರಡು ತಲೆಮಾರಿನ ನಡುವೆ ಆದ ನಿಜವಾದ ಬದಲಾವಣೆ ಇದು.

ಇಷ್ಟಕ್ಕೇ ಕತೆ ಮುಗಿಯಲಿಲ್ಲ. ಏಳು ಸಲ ಕೇಳಿದರೂ ಅವನ ಲೆಕ್ಕ ತಪ್ಪುತ್ತಲೇ ಇತ್ತು. ಸೂತ್ರವನ್ನು ಕೆಳಗಿನ ಸಾಲಿಗೆ ನಕಲು ಮಾಡಿದರೆ ಉತ್ತರ ಸೊನ್ನೆ. ಡಾಲರ್ ಚಿಹ್ನೆ ಯಾಕೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಪಕ್ಕದಲ್ಲಿ ಕೂತು ಕೇಳಿದೆ: ‘ನಿಮ್ಮ ಹೋಟೆಲಿನ ದರದ ಬೋರ್ಡು ಎಲ್ಲಿದೆ?’ ‘ಗೋಡೆ ಮ್ಯಾಲೆ ರೀ.’ ‘ನೀನು ಟೇಬಲಿನಿಂದ ಟೇಬಲಿಗೆ ಹೋದಾಗ ಅದೂ ನಿನ್ನ ಹಿಂದೆ ಬರುತ್ತದೆಯೆ?’ ‘ಇಲ್ರಿ, ಮೊಳೆ ಹೊಡೆದಾರ.’ ‘ಈ ಡಾಲರ್ ಚಿಹ್ನೆಯೇ ಆ ಮೊಳೆ. ದೋಸೆಯ ದರ ಇರುವ ಮನೆಗೆ ಮೊಳೆ ಹೊಡಿ. ಪ್ಲೇಟಿನ ಲೆಕ್ಕ ಮಾತ್ರ ಟೇಬಲಿನಿಂದ ಟೇಬಲಿಗೆ ನಡೆಯಲಿ.’ ಅವನು ಚಿಹ್ನೆ ಹಾಕಿ ಸೂತ್ರ ಎಳೆದ. ಸಾಲಿನುದ್ದಕ್ಕೂ ಸರಿಯಾದ ಅಂಕಿಗಳು ತುಂಬಿಕೊಂಡವು. ಅವನ ಮುಖದ ಮೇಲೆ ಮೂಡಿದ ಬೆಳಕು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅಂದಿನಿಂದ ನನ್ನ ಪಾಠದ ಕ್ರಮವೇ ಬದಲಾಯಿತು. ಹೇಳುವ ಕೆಲಸವನ್ನು ಹೆಡ್‌ಫೋನಿಗೆ ಬಿಟ್ಟೆ. ನಾನು ಸ್ಟೂಲು ಎಳೆದುಕೊಂಡು ಒಬ್ಬೊಬ್ಬರ ಪಕ್ಕ ಕೂರತೊಡಗಿದೆ. ನಿಂತು ಹೇಳುವಾಗ ನನಗೆ ಕಾಣದಿದ್ದ ತೊಡಕುಗಳು ಕೂತಾಗ ಕಂಡವು. ಆ ವರ್ಷದ ಕೊನೆಗೆ ವಿಜಯಪುರದ ಹುಡುಗ ತನ್ನ ಹೋಟೆಲಿನ ತಿಂಗಳ ದಿನಸಿ ಲೆಕ್ಕವನ್ನು ಕ್ಯಾಲ್ಕ್‌ನಲ್ಲಿ ಮಾಡಿ ತಂದು ತೋರಿಸಿದ.

ಈಗ ನಾನು ನಿವೃತ್ತ. ಹೊಸ ಕೋರ್ಸು ಶುರುಮಾಡುವ ಯುವ ಮೇಷ್ಟ್ರುಗಳು ಯಾವ ಯಂತ್ರ ಕೊಳ್ಳಬೇಕು ಎಂದು ಕೇಳಲು ಬರುತ್ತಾರೆ. ನಾನು ಹೇಳುವುದು ಇಷ್ಟೇ: ಯಂತ್ರ ಅದೇ ಮಾತನ್ನು ಇನ್ನೊಮ್ಮೆ ಹೇಳಬಲ್ಲದು, ಬೇರೆ ಬಗೆಯಲ್ಲಿ ಹೇಳಲು ಮಾತ್ರ ಆ ಹುಡುಗನ ಹೋಟೆಲಿನ ಗೋಡೆಯನ್ನು ಬಲ್ಲ ಮೇಷ್ಟ್ರು ಬೇಕು. ಪ್ರತಿ ವಿದ್ಯಾರ್ಥಿಗೆ ಒಂದು ಹೆಡ್‌ಫೋನು ಕೊಡಿಸಿ, ಅವನ ಭಾಷೆಯ ಪಾಠ ಹುಡುಕಿ ಕೊಡಿ. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕುಳಿತುಕೊಳ್ಳಿ.