ಮನೆಪಟ್ಟಿಯ ತಕರಾರು

ಹೊಲದ ಕಂದಾಯಕ್ಕಾಗಿ ನಡೆದ ಹೋರಾಟಗಳು ಇತಿಹಾಸದ ಪುಟಗಳನ್ನು ಸೇರಿವೆ. 1928ರಲ್ಲಿ ಬಾರ್ಡೋಲಿಯ ರೈತರು ನೂರಕ್ಕೆ 22ರಂತೆ ಏರಿಸಿದ ಆಕಾರಣಿಯನ್ನು ಒಪ್ಪದೆ ನಿಂತುದೂ, ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬಿಬ್ಬರು ಅಧಿಕಾರಿಗಳ ವಿಚಾರಣೆಯ ತರುವಾಯ ಆ ಏರಿಕೆಯು ಆರರ ಸುಮಾರಿಗೆ ಇಳಿದುದೂ ವಾಚಕರು ಬಲ್ಲ ಸಂಗತಿಗಳೇ ಸರಿ. ಅಲ್ಲಿ ಸೋತುದು ಸರಕಾರದ ದರ್ಪವೊಂದೇ ಅಲ್ಲ. ಹೊಲಗಳ ಗೇಣಿಯನ್ನು ಸ್ಥಳದಲ್ಲಿ ನಿಂತು ಸರಿಯಾಗಿ ಪರೀಕ್ಷಿಸದೆ ಬರೆದ ಅಂಕಿಗಳೂ ಸೋತವು. ಮನೆಪಟ್ಟಿಯ ತಕರಾರಿಗಾದರೋ ಇಂಥ ವೈಭವವಿಲ್ಲ. ಅದಕ್ಕೆ ಸರದಾರರಿಲ್ಲ, ಸಭೆಗಳಿಲ್ಲ. ಪ್ರತಿಯೊಬ್ಬ ಗೃಹಸ್ಥನೂ ತನ್ನ ಬಿಲ್ಲನ್ನು ಹಿಡಿದು ಒಬ್ಬಂಟಿಗನಾಗಿಯೇ ಪುರಸಭೆಯ ಮೆಟ್ಟಿಲೇರಬೇಕು. ಏರಿದ ಮೇಲೆ ಯಾವ ಮೇಜಿನ ಮುಂದೆ ನಿಲ್ಲಬೇಕೆಂಬುದು ತಿಳಿಯದೆ ಮರಳುವವರೇ ಬಹಳ.

ಹುನಗುಂದದಲ್ಲಿ ಹೀಗೆ ಮರಳಿದವರು ಹೋಗಿ ಕುಳಿತುಕೊಳ್ಳುವ ಕಟ್ಟೆಯೊಂದುಂಟು. ಅದು ನಿವೃತ್ತರಾದ ಒಬ್ಬ ಮಾಸ್ತರರ ಮನೆಯ ಮುಂದಿನದು. ಮಾಸ್ತರರು ವಕೀಲರಲ್ಲ, ಅರ್ಜಿ ಬರೆದುದಕ್ಕೆ ದುಡ್ಡು ಮುಟ್ಟುವವರೂ ಅಲ್ಲ. ಅಳತೆಯ ಟೇಪು ಮತ್ತು ಅಂಚು ಸವೆದ ಒಂದು ಕಾಯಿದೆಯ ಪುಸ್ತಕ, ಇವೇ ಅವರ ಸಲಕರಣೆ. ಬಂದವರನ್ನು ಅವರು ಮೊದಲು ಕೇಳುವುದು ಪಟ್ಟಿ ಎಷ್ಟು ಬಂದಿತೆಂದಲ್ಲ, ನೋಟೀಸು ಯಾವ ದಿನ ಕೈಸೇರಿತೆಂದು. ಅಂದಿನಿಂದ ಮೂವತ್ತು ದಿನಗಳೊಳಗೆ ಆಕ್ಷೇಪಣೆ ಸಲ್ಲದಿದ್ದರೆ ನ್ಯಾಯವು ಎಷ್ಟೇ ಇದ್ದರೂ ಕೆಲಸಕ್ಕೆ ಬಾರದು. ಎಷ್ಟೋ ಜನರು ನೋಟೀಸನ್ನು ದೇವರ ಮಾಡದಲ್ಲಿಟ್ಟು, ಹಬ್ಬ ಕಳೆದ ಮೇಲೆ ನೋಡಿದರಾಯಿತೆಂದು ಮರೆತಿರುತ್ತಾರೆ.

ಈ ತೆರಿಗೆಯ ಅಳತೆಗೋಲೇ ಕಾಲಕಾಲಕ್ಕೆ ಬದಲಾಗಿದೆ. ಹುನಗುಂದವು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಆ ಪ್ರಾಂತದ ಊರುಗಳ ಮನೆಪಟ್ಟಿಗೆ ಬರಬಹುದಾದ ವಾರ್ಷಿಕ ಬಾಡಿಗೆಯೇ ಸಾಮಾನ್ಯವಾಗಿ ಆಧಾರವಾಗಿದ್ದಿತು. ಬಿಲ್ಲಿನ ಮೇಲಣ ಅಪೀಲು ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತಿದ್ದಿತು. 1964ರ ಕರ್ನಾಟಕದ ಪುರಸಭೆಗಳ ಕಾಯಿದೆಯೂ ಮೊದಲು ಬಾಡಿಗೆಯ ದಾರಿಯನ್ನೇ ಹಿಡಿದಿತು. ಎಂದೂ ಬಾಡಿಗೆಗೆ ಕೊಡದ ಮನೆಗೆ ಇಲ್ಲದ ಬಾಡಿಗೆದಾರನನ್ನು ಊಹಿಸಿ, ಅವನು ಕೊಡದ ಹಣವನ್ನು ಎಣಿಸುವ ಈ ವಿದ್ಯೆಯು ವಿಚಿತ್ರವೆನ್ನದೆ ವಿಧಿಯಿಲ್ಲ. ಇಂಗ್ಲಂಡದಿಂದ ಬಂದುದು ಇದು. ಈ ಊಹೆಗೆ ಮಿತಿಯಿರಬೇಕೆಂದೂ, ಬಾಡಿಗೆ ನಿಯಂತ್ರಣದ ಕಾಯಿದೆಯು ಒಪ್ಪುವ ಬಾಡಿಗೆಯನ್ನು ಮೀರಿ ಆಕಾರ ಮಾಡಲಾಗದೆಂದೂ ದಿಲ್ಲಿಯ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ತೀರ್ಮಾನಿಸಿತು. 2002ರ ಸುಮಾರಿನಿಂದ ಕರ್ನಾಟಕದ ಪುರಸಭೆಗಳಲ್ಲಿ ಬಾಡಿಗೆ ಹಿಂದೆ ಸರಿದು, ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯ ಮೇಲೆ ಗೃಹಸ್ಥನೇ ತನ್ನ ತೆರಿಗೆಯನ್ನು ಎಣಿಸಿ ಘೋಷಿಸುವ ಪದ್ಧತಿ ಬಂದಿತು. ನಿವೇಶನದ ಉದ್ದಗಲ, ಕಟ್ಟಡದ ಬಗೆ, ಅದರ ವಯಸ್ಸು, ವಾಸಕ್ಕೋ ವ್ಯಾಪಾರಕ್ಕೋ ಎಂಬುದು, ಎಲ್ಲವೂ ಅದರಲ್ಲಿ ಬರುತ್ತವೆ. ಅಧಿಕಾರಿಗಳು ಅದನ್ನು ಪರಿಶೀಲಿಸಿ ತಿದ್ದಿದರೆ ಆಗ ತಕರಾರಿನ ಕಾಲ.

ಮಾಸ್ತರರು ಯಾವ ತಕರಾರಿಗೂ ಸಿದ್ಧರೆಂದು ತಿಳಿಯಬಾರದು. ಬೀದಿಯ ಕಡೆಗೆ ಎರಡು ಅಂಗಡಿಗಳನ್ನು ಬಾಡಿಗೆಗೆ ಕೊಟ್ಟ ಗೃಹಸ್ಥರೊಬ್ಬರು ಅವನ್ನು ವಾಸದ ಕೋಣೆಗಳೆಂದು ಬರೆದುಕೊಡಿರೆಂದಾಗ, "ಹಂಗಾದರ ಗಿರಾಕಿಗಳು ನಿಮ್ಮ ಬೀಗರೇನ್ರಿ?" ಎಂದು ಕೇಳಿ ಚಹ ಕೊಟ್ಟು ಕಳಿಸಿದರು. ಇಳಕಲ್ಲಿನ ಕಡೆಯ ನೇಕಾರನ ಮನೆಯ ಪ್ರಶ್ನೆ ಇಷ್ಟು ಸುಲಭವಲ್ಲ. ಮಗ್ಗದ ಕುಣಿ ಪಡಸಾಲೆಯಲ್ಲಿ. ಅದರ ಪಕ್ಕದಲ್ಲಿಯೇ ಮಕ್ಕಳ ಹಾಸಿಗೆ. ಅದು ಮನೆಯೋ, ಕಾರಖಾನೆಯೋ? ಮನೆಯವರೇ ನೇಯುವ ಒಂದು ಮಗ್ಗದಿಂದ ಮನೆಯು ಮನೆಯಾಗಿರುವುದನ್ನು ಬಿಡದೆಂಬುದು ಮಾಸ್ತರರ ಮತ. ಕಾಗದದ ಮೇಲಿನ ಎರಡೇ ಅಂಕಣಗಳಲ್ಲಿ ಆ ಮತಕ್ಕೆ ಸ್ಥಳವಿಲ್ಲದಿರುವುದು ನಿಜ.

ಇದೇ ಜಿಲ್ಲೆಯಲ್ಲಿ ತಕರಾರಿನ ಮುಖವು ತಿರುಗಿದುದೂ ಉಂಟು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆಗಳು ಹೋಗಿ ನವನಗರವು ಎದ್ದಾಗ, ಪರಿಹಾರ ಸಾಲದೆನ್ನುವವರು 1894ರ ಭೂಸ್ವಾಧೀನ ಕಾಯಿದೆಯ 18ನೆಯ ಕಲಮಿನ ಮೇರೆಗೆ ದಿವಾಣಿ ನ್ಯಾಯಾಲಯಕ್ಕೆ ಹೋಗಬಹುದಾಗಿದ್ದಿತು. ಪಟ್ಟಿ ಬಂದಾಗ ಮನೆಯು ಬೀಳುವ ಗುಡಿಸಲು, ಪರಿಹಾರ ಬಂದಾಗ ಅರಮನೆ! ಮಾಸ್ತರರು ಇದನ್ನು ನಗೆಗಾಗಿ ಹೇಳುವುದಿಲ್ಲ. ಇಂದು ಕಡಿಮೆ ಬರೆಸಿದ ಅಂಕಿಯು ನಾಳೆ ಒಡೆಯನ ಎದುರಿಗೇ ಸಾಕ್ಷಿಯಾಗಬಹುದೆಂದು ಪ್ರತಿಯೊಬ್ಬರಿಗೂ ಎಚ್ಚರಿಸುತ್ತಾರೆ.

ಅವರ ಕಟ್ಟೆಗೆ ಬಂದವರಲ್ಲಿ ಒಬ್ಬ ವಿಧವೆಯ ಸಂಗತಿ ಹೇಳತಕ್ಕದ್ದಿದೆ. ಆಕೆಯ ಮನೆಯೆಲ್ಲವೂ ಆರ್‌ಸಿಸಿ ಎಂದು ದಾಖಲಾಗಿ ತೆರಿಗೆ ಏರಿದ್ದಿತು. "ಮುಂದಿನ ಖೋಲಿ ಒಂದ ಸ್ಲ್ಯಾಬು ಐತ್ರೀ ಮಾಸ್ತರ. ಹಿಂದಿಂದೆಲ್ಲ ನಮ್ಮ ಮಾವನ ಕಾಲದ ಮಣ್ಣಿನ ಮಾಳಗಿ. ಅವರು ಓಣ್ಯಾಗ ನಿಂತು ನೋಡಿ ಹೋದರು" ಎಂದಳು. ಮಾಸ್ತರರು ಹೋಗಿ ಅಳೆದರು. ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮೇಲ್ಮುದ್ದೆ. ಮಳೆಗಾಲದಲ್ಲಿ ಸೋರಿದ ಗುರುತುಗಳು. ಹಿತ್ತಲಲ್ಲಿ ದನವಿಲ್ಲದ ಕೊಟ್ಟಿಗೆ. ಪೆನ್ಸಿಲಿನಿಂದ ನಕಾಶೆ ಬರೆದು, ಹಳೆಯ ಉತಾರವನ್ನು ಕೇಳಿದರು. ಆಗ ಆಕೆಯ ಮುಖ ಕಳೆಗುಂದಿತು. ಮನೆಯು ಇನ್ನೂ ಸತ್ತ ಗಂಡನ ಹೆಸರಿನಲ್ಲಿದ್ದಿತು.

"ಹೆಸರಿನ ಸುದ್ದಿ ತಗೀಬ್ಯಾಡ್ರಿ ಯಪ್ಪಾ. ಮೈದುನ ಕೇಳಿದರ ನಾಳೆನ ಪಾಲು ಅಂತಾನ. ಪಟ್ಟಿ ಹೆಚ್ಚಾದರ ಆಗಲಿ, ಕಟ್ಟತೀನಿ."

ಪುರಸಭೆಯ ತೆರಿಗೆ ಪುಸ್ತಕದ ಹೆಸರು ಒಡೆತನದ ಹಕ್ಕುಪತ್ರವಲ್ಲವೆಂದು ನ್ಯಾಯಾಲಯಗಳು ಎಷ್ಟೋ ಸಾರಿ ಹೇಳಿವೆ. ಮಾಸ್ತರರು ಅದನ್ನು ತಿಳಿಸಿ ಹೇಳಿದರು. ಆದರೆ ಓಣಿಯ ಜನಕ್ಕೆ ಆ ಪುಸ್ತಕವೇ ಹಕ್ಕುಪತ್ರವೆಂಬುದನ್ನು ಆಕೆಯಷ್ಟೇ ಅವರೂ ಬಲ್ಲರು. ತಪ್ಪು ಲೆಕ್ಕಕ್ಕೆ ವರುಷವರುಷವೂ ಹಣ ತೆತ್ತು ಆಕೆ ಕೊಳ್ಳಬಯಸಿದುದು ಮನೆಯ ಶಾಂತಿಯನ್ನು. ಅದು ಅಗ್ಗವೋ ತುಟ್ಟಿಯೋ ಎಂದು ಹೊರಗಿನವರು ಹೇಳುವುದು ಹೇಗೆ? ಮಾಸ್ತರರು ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ, ತೆರಿಗೆಯ ವಿಷಯದಲ್ಲಿ ಕಾಯಿದೆಯು ಮಾಲೀಕನ ಜೊತೆಗೆ ಮನೆಯಲ್ಲಿ ವಾಸವಾಗಿರುವವರ ಮಾತನ್ನೂ ಆಡುತ್ತದೆಂಬುದನ್ನು ಆಕೆಗೆ ಓದಿ ತೋರಿಸಿದರು. ಅರ್ಜಿಯು ಮುಖ್ಯಾಧಿಕಾರಿಗಳಿಗೆ ಹೋಯಿತು. ಆಕೆ ಅದರಲ್ಲಿ ವಾಸಿಸುವವಳೆಂದಷ್ಟೇ ರುಜು ಮಾಡಿದಳು. ಹೆಸರು ಬದಲಿಸುವ ಮಾತು ಎಲ್ಲಿಯೂ ಬರಲಿಲ್ಲ. ನೋಟೀಸು ಮುಟ್ಟಿದ 29ನೆಯ ದಿನ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಬಿದ್ದಿತು.

ಕೆಲವು ವಾರಗಳ ಮೇಲೆ ಪುರಸಭೆಯಿಂದ ಒಬ್ಬ ಕಾರಕೂನನು ಅಳತೆಗೆ ಬಂದನು. ಈ ಸಾರಿ ಓಣಿಯಲ್ಲಿ ನಿಲ್ಲದೆ ನಿಚ್ಚಣಿಕೆ ಹಾಕಿ ಮಾಳಿಗೆಯ ಮೇಲಕ್ಕೂ ಹೋದನು. ಟೇಪಿನ ಇನ್ನೊಂದು ತುದಿಯನ್ನು ಹಿಡಿಯುವವರು ಬೇಕಾಗಿದ್ದಿತು. ಮುದುಕಿ ಬಾಗಿಲಲ್ಲಿ ನಿಂತು ನೋಡುತ್ತಿರಲು, ಪಕ್ಕದ ಮನೆಯಿಂದ ಮೈದುನನೇ ಬಂದು ಹಿಡಿದನು.