ಎಂಟು ರೂಪಾಯಿಯ ಊಟ

ಎಂಟು ರೂಪಾಯಿಗೆ ಏನು ಬರುತ್ತದೆ ಹೇಳಿ? ನಮ್ಮೂರ ಹೋಟೆಲಿನಲ್ಲಿ ಲೋಟದ ತುಂಬ ಟೀ ಕೂಡ ಬರುವುದಿಲ್ಲ. ಆದರೆ 2017ರಲ್ಲಿ ಕೇಂದ್ರ ಸರ್ಕಾರ ಅಂಗನವಾಡಿ ಮಗುವಿನ ಒಂದು ದಿನದ ಪೌಷ್ಟಿಕ ಆಹಾರಕ್ಕೆ ಗೊತ್ತುಮಾಡಿದ್ದು ಅಷ್ಟೇ. ಅದಕ್ಕೂ ಮುಂಚೆ ಆರು ರೂಪಾಯಿ ಇತ್ತು. ಅದರೊಳಗೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕಂತೆ. ಲೆಕ್ಕಪತ್ರ ಬರೆದೇ ಪಿಂಚಣಿಗೆ ಬಂದ ನನಗೂ ಈ ಲೆಕ್ಕ ತಾಳೆಯಾಗಲಿಲ್ಲ. ದರ ಹೆಚ್ಚಿಸುವುದಾಗಿ 2025ರ ಬಜೆಟ್‌ನಲ್ಲಿ ಹೇಳಿದರು.

ಹಾಗೆಂದು ಅಂಗನವಾಡಿಯನ್ನು ಹಗುರವಾಗಿ ಕಾಣಬೇಡಿ. ರಾಜ್ಯದಲ್ಲಿ ಮೊದಲು ಅದು ಶುರುವಾದದ್ದು ನಮ್ಮ ಜಿಲ್ಲೆಯ ತಿ. ನರಸೀಪುರದಲ್ಲೇ, 1975ರ ಗಾಂಧಿ ಜಯಂತಿಯ ದಿನ. ಅಲ್ಲಿ ಬಿಸಿಯೂಟ ಸಿಗುವುದು ಮೂರು ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವಕ್ಕೆ ಪೊಟ್ಟಣ ಮನೆಗೆ ಹೋಗುತ್ತದೆ. ಪೊಟ್ಟಣ ಬಿಚ್ಚಿ ಬೇಯಿಸಿ ತಿನ್ನಿಸುವವರು ಯಾರು?

ಗುರುಪುರ ಎಂದರೆ ಹೊರಗಿನವರಿಗೆ ಟಿಬೆಟನ್ನರ ಕ್ಯಾಂಪು. ನಮಗೆ ಮಾತ್ರ ಹೊಗೆಸೊಪ್ಪಿನ ಸೀಮೆ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುವ ಕಾಲದಲ್ಲಿ ಹೆಂಗಸರಿಗೆ ದೀಪ ಹಚ್ಚುವ ತನಕ ಬಿಡುವಿಲ್ಲ. ಆಗ ನಮ್ಮ ಬೀದಿಯ ಐದಾರು ಕೂಸುಗಳಿಗೆ ಒಬ್ಬ ಅಜ್ಜಿಯ ಜಗುಲಿಯೇ ಗತಿ. ಕೊಟ್ಟವರು ಹತ್ತು ರೂಪಾಯಿ ಕೊಡುತ್ತಾರೆ, ಇಲ್ಲದವರು ಒಂದಿಷ್ಟು ರಾಗಿ. ಗಂಜಿ, ಅನ್ನ, ಸೊಪ್ಪಿನ ಸಾರು ಎಲ್ಲ ಅಜ್ಜಿಯ ಮನೆಯದೇ. "ಹಸಿದ ಕೂಸಿಗೆ ನಿನ್ನ ಬುತ್ತಿ ಎಲ್ಲಪ್ಪಾ ಅಂತ ಕೇಳಕಾಯ್ತದಾ?" ಎನ್ನುತ್ತಾಳೆ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಹೇಳಿದ ಸಂಗತಿ ಈ ಅಜ್ಜಿಯಿಂದಾಗಿಯೇ ನನ್ನ ಕಿವಿ ಹಿಡಿದು ನಿಲ್ಲಿಸಿತು. ಅವಳು ಮಗುವನ್ನು ಬಿಟ್ಟು ಹೋಗುವುದು ಅಕ್ಕಪಕ್ಕದವರ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ಗುಜರಾತಿ ಹೆಂಗಸಿನ ಹತ್ತಿರ. ಆಕೆಗೆ ಮಕ್ಕಳ ಊಟದ ಖರ್ಚನ್ನು ಸರ್ಕಾರ ತುಂಬಿಕೊಡುತ್ತದಂತೆ! 1968ರಲ್ಲಿ ಹುಟ್ಟಿದ ಯೋಜನೆಯದು. ದಿನವೂ ಏನು ಬಡಿಸಿದೆ, ಎಷ್ಟು ಮಕ್ಕಳು ಉಂಡರು ಎಂದು ಬರೆದಿಡಬೇಕು. ನಡುವೆ ಒಂದು ಸಂಸ್ಥೆ ಇರುತ್ತದೆ. ಅದರವರು ವರ್ಷಕ್ಕೆ ಮೂರು ಸಲ ಬಂದು ನೋಡುತ್ತಾರೆ, ಅದರಲ್ಲಿ ಎರಡು ಸಲ ಹೇಳದೆ ಕೇಳದೆ. ಸ್ವಂತ ಮಗುವಿನ ಊಟಕ್ಕೆ ಹಣ ಬೇಕಾದರೆ ಮನೆಯ ಆದಾಯ ಕಡಿಮೆ ಇರಬೇಕು.

ಅಜ್ಜಿಗೆ ಇದನ್ನು ಹೇಳಿದೆ. "ಅಕ್ಕಿ ಕೊಡ್ತಾರೋ, ದುಡ್ಡು ಕೊಡ್ತಾರೋ?" ಎಂದಳು. ದುಡ್ಡು ಎಂದೆ. "ಅಂಗಾರೆ ಬರೆಯೋರು ಯಾರು?" ಎಂಬುದು ಮುಂದಿನ ಪ್ರಶ್ನೆ.

ನಮ್ಮ ಸರ್ಕಾರವೂ ಸುಮ್ಮನೆ ಕುಳಿತಿಲ್ಲ ಎನ್ನಿ. 2023ರಲ್ಲಿ 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯಲು ಹೊರಟಿತು. ಹೆಸರು ಎಷ್ಟು ಚೆಂದ! ಆದರೆ ಅದನ್ನು ಯೋಚಿಸಿದ್ದು ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ಅದು ಪಂಚಾಯಿತಿಗೊಂದು, ನಮ್ಮ ಪಂಚಾಯಿತಿಗಳಲ್ಲೋ ಹಲವು ಹಳ್ಳಿಗಳು. ಕೂಸನ್ನು ಎತ್ತಿಕೊಂಡು ಎರಡು ಮೈಲಿ ನಡೆದು, ಮತ್ತೆ ಹೊಲಕ್ಕೆ ಬರುವವಳು ಯಾರು? ಜಗುಲಿಯಾದರೆ ದಾರಿಯಲ್ಲೇ ಸಿಗುತ್ತದೆ.

ಜಗುಲಿಗಳಿಗೂ ಊಟದ ಹಣ ಕೊಡಲಿ ಎಂದು ಗೆಳೆಯರ ನಡುವೆ ವಾದಿಸುತ್ತಿರುತ್ತೇನೆ. ಸುಳ್ಳು ಲೆಕ್ಕ ಬರೆದಾರು ಎನ್ನುತ್ತಾರೆ. ಬರೆಯಬಹುದು. ಅದಕ್ಕೇ ಅಲ್ಲವೇ ಹೇಳದೆ ಬಂದು ನೋಡುವ ಕ್ರಮ? ಪುಸ್ತಕ ಬರೆಯುವವರಿಲ್ಲ ಎಂದರೆ ಪಿಂಚಣಿಯವರು ಊರಿಗೆ ನಾಲ್ಕು ಜನ ಇದ್ದೇವೆ, ಮಧ್ಯಾಹ್ನ ಖಾಲಿ.