ಹೆಸರು ಕೇಳಲಿಲ್ಲ

ನಮ್ಮ ಅಕ್ಕನ ಮೊಮ್ಮಗನಿಗೆ ರೋಲಿಂಗ್ ಸ್ಟೋನ್ಸ್ ಎಂಬ ಆಂಗ್ಲ ವಾದ್ಯಮೇಳದ ಹುಚ್ಚು. ಲಂಡನ್ನಿನಲ್ಲಿ 1962ರಲ್ಲಿ ಹುಟ್ಟಿದ ಮೇಳವಂತೆ ಅದು. 1969ರಲ್ಲಿ ಬ್ರಿಯಾನ್ ಜೋನ್ಸ್ ಹೋದ, ಮಿಕ್ ಟೇಲರ್ ಬಂದ. 1974ರಲ್ಲಿ ಟೇಲರ್ ಹೋದ, ಮರುವರ್ಷ ರಾನ್ ವುಡ್ ಬಂದ. ಡ್ರಮ್ಸ್ ಬಾರಿಸುತ್ತಿದ್ದ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡ. ಹುಡುಗ ಇದನ್ನೆಲ್ಲ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಾನೆ. ಮೇಳದ ಹೆಸರಿಗೆ ಉರುಳುವ ಕಲ್ಲುಗಳು ಎಂದು ಅರ್ಥ. ಚಿತ್ರದುರ್ಗದ ಮನೆಯ ಜಗಲಿಯ ಮೇಲೆ ಕುಳಿತು ಇದನ್ನು ಕೇಳಿದಾಗ ನನಗೆ ನಗು ಬಂತು. ನಮ್ಮೂರ ಕಲ್ಲುಗಳು ಮದಕರಿ ನಾಯಕನ ಕಾಲದಿಂದಲೂ ಕುಳಿತಲ್ಲಿಂದ ಕದಲಿದವಲ್ಲ.

ಭಾವ ಮಾತ್ರ ನಗಲಿಲ್ಲ. ಅವರು ಹಿರಿಯೂರಿನವರು, ತೇರುಮಲ್ಲೇಶ್ವರನ ಜಾತ್ರೆಯಲ್ಲಿ ನಾಟಕ ನೋಡಿ ಬೆಳೆದವರು. "ಇದೇನು ಮಹಾ! ನಮ್ಮ ಗುಬ್ಬಿ ಕಂಪನಿ ಹುಟ್ಟಿದ್ದೇ 1884ರಲ್ಲಿ, ಗೊತ್ತೇನೋ?" ಎಂದು ಪಂಥಕ್ಕೆ ನಿಂತರು. ವೀರಣ್ಣನವರು ಎಳೆಯ ಹುಡುಗನಾಗಿ ಸೇರಿದ್ದು, 1917ರಲ್ಲಿ ಕಂಪನಿಯ ಒಡೆಯರಾದದ್ದು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿಂದೆ ಅವರ ಮಗನೂ ಬಣ್ಣ ಹಚ್ಚಿದ್ದು, ಆ ಮಗನೇ 1954ರಲ್ಲಿ ರಾಜಕುಮಾರ್ ಆಗಿ ಬೇಡರ ಕಣ್ಣಪ್ಪನಾದದ್ದು. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಆ ಬಾಗಿಲಿನಿಂದಲೇ ಸಿನಿಮಾಕ್ಕೆ ನಡೆದದ್ದು. ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರನ್ನು ವೀರಣ್ಣನವರೇ ಕಾಶಿಗೆ ಓದಲು ಕಳಿಸಿದ್ದು. ಭಾವನ ಬಾಯಲ್ಲಿ ಒಂದು ಹೆಸರೂ ತಪ್ಪಲಿಲ್ಲ. ಬಂದವರು ಬಂದರು, ಹೋದವರು ಹೋದರು. 1972ರಲ್ಲಿ ಕಣ್ಣು ಮುಚ್ಚುವವರೆಗೆ ವೀರಣ್ಣನವರು ಇದ್ದರು, ಜನ ಅದನ್ನು ಗುಬ್ಬಿ ಕಂಪನಿ ಎಂದರು.

ಹುಡುಗ ಸೋಲೊಪ್ಪುವ ಪೈಕಿಯಲ್ಲ. "ಸರಿ ತಾತ, ನೀವು ವರ್ಷವರ್ಷವೂ ನೋಡೋ ಶಿವಸಂಚಾರದಲ್ಲಿ ಯಾರ್ಯಾರು ಇದ್ದರು, ಹೇಳಿ" ಎಂದ.

ಭಾವ ಬಾಯಿ ತೆರೆದರು, ಮಾತು ಹೊರಡಲಿಲ್ಲ.

ಭಾವ ಹೊಸದುರ್ಗದಲ್ಲಿ ಬಹುಕಾಲ ಮೇಷ್ಟರಾಗಿದ್ದವರು. ಆ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಶಿವಸಂಚಾರ ತಂಡವನ್ನು ಕಟ್ಟಿದಂದಿನಿಂದ ಅವರು ನವೆಂಬರಿನ ನಾಟಕೋತ್ಸವ ತಪ್ಪಿಸಿದವರಲ್ಲ. ವರ್ಷಕ್ಕೆ ಮೂರು ನಾಟಕ; ಉತ್ಸವ ಮುಗಿದ ಮೇಲೆ ಊರೂರು ಸಂಚಾರ. ಹೆಗ್ಗೋಡಿನಲ್ಲಿ ಸುಬ್ಬಣ್ಣನವರು 1985ರಲ್ಲಿ ತಿರುಗಾಟ ಶುರುಮಾಡಿ ಹಾಕಿಕೊಟ್ಟ ದಾರಿ ಇದು. ನಟರೇ ರಂಗ ಕಟ್ಟಬೇಕು, ನಟರೇ ಬಿಚ್ಚಬೇಕು. ಒಂದೆರಡು ವರ್ಷ ಇದ್ದು ಹೋಗುವವರೇ ಹೆಚ್ಚು. ಕಂಪನಿಗಳಲ್ಲಿ ಹೆಸರಾಂತ ನಟ ಬಿಟ್ಟುಹೋದರೆ ಯಜಮಾನನಿಗೆ ನಿದ್ದೆ ಬಾರದು. ಇಲ್ಲಿ ಬಿಟ್ಟುಹೋಗುವುದೇ ಪದ್ಧತಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ರಂಗಾಯಣದಲ್ಲಾದರೆ ಮೊದಲ ತಂಡದ ಹಲವರು ತಲೆ ನರೆಯುವವರೆಗೂ ಉಳಿದರು. ಮೈಸೂರಿನವರು ಅವರನ್ನು ಬೀದಿಯಲ್ಲಿ ಗುರುತು ಹಿಡಿಯಬಲ್ಲರು. ನೂರಾರು ಊರುಗಳಲ್ಲಿ ಕುಣಿದು ಹೋದ ಈ ಹುಡುಗ ಹುಡುಗಿಯರಿಗೆ ಆ ಭಾಗ್ಯವಿಲ್ಲ. ತಂಡದ ಹೆಸರೊಂದೇ ನಮ್ಮ ನಾಲಗೆಯ ಮೇಲಿರುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ, ನಾನು ಹೇಳಲಾರೆ. ಹೊಸಬರು ಬರದಿದ್ದರೆ ಇಷ್ಟು ಮಂದಿಗೆ ರಂಗ ಸಿಗುತ್ತಲೂ ಇರಲಿಲ್ಲ.

ರಾತ್ರಿ ಊಟವಾದ ಮೇಲೆ ಭಾವ ತಾವಾಗಿಯೇ ಮಾತು ತೆಗೆದರು. ಹಿಂದೊಮ್ಮೆ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಒಬ್ಬರು ಕಂಡರಂತೆ. ಎಲ್ಲೋ ನೋಡಿದ ಮುಖ. ಬಹಳ ವರ್ಷಗಳ ಹಿಂದೆ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಹರಳಯ್ಯನಾಗಿ ನಿಂತು ಭಾವನ ಕಣ್ಣಲ್ಲಿ ನೀರು ತರಿಸಿದ್ದ ಹುಡುಗ. "ನೀವು ಹರಳಯ್ಯ ಅಲ್ಲವೇ?" ಎಂದರಂತೆ ಭಾವ. ಆತ ನಾಚಿ ನಕ್ಕು, "ಈಗ ಒಂದು ಶಾಲೆಯಲ್ಲಿ ನಾಟಕದ ಮೇಷ್ಟ್ರು ಸಾರ್" ಎಂದನಂತೆ. ಇಬ್ಬರೂ ಚಹಾ ಕುಡಿದರು. ಬಸ್ಸು ಬಂತು.

"ಹೆಸರು ಕೇಳಲೇ ಇಲ್ಲ ಕಣಯ್ಯ" ಎಂದರು ಭಾವ.

ಬೆಳಿಗ್ಗೆ ನಾನು ಎದ್ದಾಗ ಅವರು ಹಳೆಯ ಟ್ರಂಕು ಬಿಚ್ಚಿ, ನಾಟಕೋತ್ಸವದ ಆಮಂತ್ರಣ ಪತ್ರಿಕೆಗಳನ್ನು ವರ್ಷವಾರು ಜೋಡಿಸಿಕೊಂಡು, ಕನ್ನಡಕ ಒರೆಸುತ್ತ ಕುಳಿತಿದ್ದರು. ಪಕ್ಕದಲ್ಲಿ ಹುಡುಗ ಪೆನ್ನು ಹಿಡಿದಿದ್ದ.